ಎರಡು ಗಂಟೆಯ ದಾರಿಗೆ ಎರಡೂ ಮುಕ್ಕಾಲು ಗಂಟೆ ಯಾಕೆ?

ಬೆಂಗಳೂರಿನಿಂದ ದೆಹಲಿಗೆ ವಿಮಾನದ ದೂರ ಲೆಕ್ಕ ಹಾಕುವುದು ಸುಲಭ. ಎರಡೂ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಅಕ್ಷಾಂಶದ ವ್ಯತ್ಯಾಸ 15.4 ಡಿಗ್ರಿ, ಒಂದು ಡಿಗ್ರಿಗೆ 111 ಕಿ.ಮೀ. ಅಂತ ಹಿಡಿದರೆ ಸುಮಾರು 1,700 ಕಿ.ಮೀ. ಏರ್‌ಬಸ್ ಎ320 ಶಬ್ದದ ವೇಗದ ಶೇ. 78ರಷ್ಟರಲ್ಲಿ, ಅಂದರೆ ಮೇಲಿನ ತಣ್ಣನೆಯ ಗಾಳಿಯಲ್ಲಿ ಗಂಟೆಗೆ 830 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತದೆ. ಭಾಗಿಸಿದರೆ 2 ಗಂಟೆ 3 ನಿಮಿಷ. ಟಿಕೆಟ್‌ನಲ್ಲಿ ಮಾತ್ರ 2 ಗಂಟೆ 45 ನಿಮಿಷವೋ 50 ನಿಮಿಷವೋ ಇರುತ್ತದೆ.

ಟಿಕೆಟ್ಟಿನ ಗಡಿಯಾರ ವಿಮಾನ ಗೇಟು ಬಿಟ್ಟಾಗಲೇ ಶುರುವಾಗಿ, ಆ ಕಡೆ ಗೇಟಿಗೆ ಬಂದು ನಿಂತ ಮೇಲೆಯೇ ನಿಲ್ಲುತ್ತದೆ. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ಎರಡೂ ಕಡೆ ಟ್ಯಾಕ್ಸಿ ಮಾಡುವುದಕ್ಕೇ, ಅಂದರೆ ಗೇಟಿಗೂ ರನ್‌ವೇಗೂ ನಡುವೆ ನೆಲದ ಮೇಲೆ ಸಾಗುವುದಕ್ಕೇ, 25 ನಿಮಿಷ ಹೋಗುವುದು ಮಾಮೂಲು.

ಇನ್ನೊಂದು ತಮಾಷೆ ನೋಡಿ. ದಾರಿ ಇರುವುದು ದಕ್ಷಿಣೋತ್ತರ, ಆದರೆ ಎರಡೂ ನಿಲ್ದಾಣಗಳ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಗಾಳಿಗೆ ಎದುರಾಗಿಯೇ ಏರಬೇಕು, ಇಳಿಯಬೇಕು. ಹಾಗಾಗಿ ಬೆಂಗಳೂರಿನಲ್ಲಿ ಪೂರ್ವಕ್ಕೋ ಪಶ್ಚಿಮಕ್ಕೋ ಹಾರಿ, ಆಮೇಲೆ ಉತ್ತರಕ್ಕೆ ತಿರುಗಬೇಕು. ದೆಹಲಿಯಲ್ಲಿ ಪಶ್ಚಿಮದ ಗಾಳಿ ಬೀಸುತ್ತಿದ್ದರೆ ದಕ್ಷಿಣದಿಂದ ಬಂದ ವಿಮಾನ ಊರಿನ ಪೂರ್ವಕ್ಕೆ ಸುತ್ತುಹಾಕಿ ರನ್‌ವೇ ನೇರಕ್ಕೆ ಬರಬೇಕು. ಅಲ್ಲಿಗೆ ಮತ್ತೆ ಐದು-ಹತ್ತು ನಿಮಿಷ ಹೋಯಿತು.

ಇಳಿಯುವುದಕ್ಕೆ ಪೈಲಟ್‌ಗಳದ್ದೊಂದು ಕೈಲೆಕ್ಕ ಇದೆ: ಎತ್ತರ ಎಷ್ಟು ಸಾವಿರ ಅಡಿಯೋ ಅದರ ಮೂರು ಪಟ್ಟು ನಾಟಿಕಲ್ ಮೈಲಿ ದೂರದಲ್ಲೇ ಇಳಿಯಲು ಶುರುಮಾಡಬೇಕು. 36,000 ಅಡಿಗೆ 108 ನಾಟಿಕಲ್ ಮೈಲಿ, ಅಂದರೆ 200 ಕಿ.ಮೀ. ಹೆಚ್ಚುಕಡಿಮೆ ಆಗ್ರಾದಷ್ಟು ದೂರದಲ್ಲೇ ಇಳಿತ ಆರಂಭ. 10,000 ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮೀರುವಂತಿಲ್ಲ. ಏರುವಾಗಲೂ ಇದೇ ಮಿತಿ. ದೆಹಲಿಯಲ್ಲಿ ದಟ್ಟಣೆಯಿದ್ದು ಆಕಾಶದಲ್ಲೇ ಕಾಯಿಸಿದರೆ ಒಂದೊಂದು ಸುತ್ತಿಗೂ ಸುಮಾರು 4 ನಿಮಿಷ.

ಇಷ್ಟರ ಮೇಲೆ ಕಂಪನಿಗಳು ವೇಳಾಪಟ್ಟಿಯಲ್ಲಿ ಒಂದಿಷ್ಟು ನಿಮಿಷ ಕೈಯಲ್ಲಿಟ್ಟುಕೊಂಡಿರುತ್ತವೆ. 'ಇಪ್ಪತ್ತು ನಿಮಿಷ ಮೊದಲೇ ತಲುಪಿದ್ದೇವೆ' ಅನ್ನುವ ಘೋಷಣೆಯ ಗುಟ್ಟು ಬಹುಪಾಲು ಇದೇ.

ಮನೆಯಲ್ಲೇ ಅಂದಾಜು ಮಾಡುವವರು ದೂರವನ್ನು 830ರಿಂದ ಭಾಗಿಸಿ 45 ನಿಮಿಷ ಸೇರಿಸಿ. ಸುಮಾರು 370 ಕಿ.ಮೀ. ಇರುವ ಬೆಂಗಳೂರು-ಹುಬ್ಬಳ್ಳಿಗೆ ಜೆಟ್ ವಿಮಾನವಾದರೆ ಒಂದು ಗಂಟೆ ಹನ್ನೆರಡು ನಿಮಿಷ ಬರುತ್ತದೆ. ಪ್ರೊಪೆಲ್ಲರ್ ಇರುವ ಎಟಿಆರ್ ಆದರೆ 500ರಿಂದ ಭಾಗಿಸಬೇಕು.

ಪೂರ್ವ-ಪಶ್ಚಿಮದ ದಾರಿಗಳಲ್ಲಿ ಈ ಸೂತ್ರ ಕೈಕೊಡುತ್ತದೆ. ಮುಂಬೈ-ಕೋಲ್ಕತ್ತ ಸುಮಾರು 1,660 ಕಿ.ಮೀ. ಚಳಿಗಾಲದಲ್ಲಿ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ. ಅದು ಗಂಟೆಗೆ 100 ಕಿ.ಮೀ. ಅಂತಿಟ್ಟುಕೊಳ್ಳಿ. ಹೋಗುವಾಗ ನೆಲದ ಲೆಕ್ಕದಲ್ಲಿ ವೇಗ 930, ಬರುವಾಗ 730. ಗಾಳಿಯೇ ಇಲ್ಲದಿದ್ದರೆ ಒಂದೊಂದು ದಿಕ್ಕಿಗೂ 120 ನಿಮಿಷ ಹಾರಾಟ. ಈಗ ಹೋಗುವುದಕ್ಕೆ 107, ಬರುವುದಕ್ಕೆ 136. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡಿರುವುದರಿಂದ ಉಳಿಸಿದ್ದು 13 ನಿಮಿಷ, ಕಳೆದುಕೊಂಡಿದ್ದು 16.