ಅರುಣಾಚಲದ ಕಾಡಿನಲ್ಲಿ ಏಳು ದಶಕ: ಒಂದು ಲಿಬರೇಟರ್ ವಿಮಾನ ಮತ್ತು ಅದರ ಎಂಟು ಮಂದಿ

1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿನ ಚಾಬುವಾಕ್ಕೆ ಹೊರಟ ಅಮೆರಿಕದ ಬಿ–24 ಲಿಬರೇಟರ್ ಬಾಂಬರ್ ಒಂದು ಅಲ್ಲಿಗೆ ತಲುಪಲೇ ಇಲ್ಲ. 'ಹಾಟ್ ಆ್ಯಸ್ ಹೆಲ್' ಎಂದು ಹೆಸರಿಟ್ಟಿದ್ದ ಆ ವಿಮಾನದಲ್ಲಿ ಎಂಟು ಮಂದಿ ಇದ್ದರು. ಅವರಲ್ಲಿ ಒಬ್ಬರಾದ ಫಸ್ಟ್ ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್ ಅವರಿಗೆ ಆಗ 24 ವರ್ಷ. ಜಾರ್ಜಿಯಾ ರಾಜ್ಯದ ಕಾಂಕಾರ್ಡ್ ಎಂಬ ಸಣ್ಣ ಊರಿನಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದು 2017ರ ಜೂನ್ ತಿಂಗಳಲ್ಲಿ. ಈ ಎರಡು ದಿನಾಂಕಗಳ ನಡುವೆ 73 ವರ್ಷಗಳು ಕಳೆದದ್ದೇಕೆ ಎಂದು ತಿಳಿಯಬೇಕಾದರೆ ಯುದ್ಧದಿಂದಲೇ ಆರಂಭಿಸಬೇಕು.

1942ರಲ್ಲಿ ಜಪಾನ್ ಸೇನೆ ಬರ್ಮಾ ರಸ್ತೆಯನ್ನು ಕಡಿದ ಮೇಲೆ ಚೀನಾಕ್ಕೆ ಸಾಮಗ್ರಿ ಸಾಗಿಸಲು ಆಕಾಶಮಾರ್ಗವೊಂದೇ ಉಳಿಯಿತು. ಅಸ್ಸಾಮಿನಿಂದ ಕುನ್ಮಿಂಗ್‌ವರೆಗಿನ ಸುಮಾರು 800 ಕಿಲೋಮೀಟರ್ ದೂರದ, ಹಿಮಾಲಯದ ಪೂರ್ವದ ಅಂಚನ್ನು ದಾಟುವ ಆ ದಾರಿಯನ್ನು ವೈಮಾನಿಕರು 'ಹಂಪ್' ಎಂದು ಕರೆಯುತ್ತಿದ್ದರು. ಸರಕು ವಿಮಾನಗಳಷ್ಟೇ ಅಲ್ಲ, ಬಾಂಬರ್‌ಗಳೂ ಈ ದಾರಿಯಲ್ಲಿ ಸರಕು ಹೊರಬೇಕಾಯಿತು ಎಂಬುದು ಹಲವರಿಗೆ ತಿಳಿದಿಲ್ಲ. ಆಕ್ಸ್‌ಫರ್ಡ್ ಸೇವೆಯಲ್ಲಿದ್ದ 308ನೇ ಬಾಂಬರ್ ದಳ ಕುನ್ಮಿಂಗ್‌ನಲ್ಲಿ ನೆಲೆಸಿತ್ತಾದರೂ ತನಗೆ ಬೇಕಾದ ಪೆಟ್ರೋಲು, ಬಾಂಬು, ಬಿಡಿಭಾಗಗಳನ್ನೆಲ್ಲ ಭಾರತದಿಂದ ತಾನೇ ಹೊತ್ತು ತರಬೇಕಿತ್ತು. ಶತ್ರುವಿನ ಮೇಲೆ ಒಂದು ಬಾರಿ ದಾಳಿ ಮಾಡಲು ಬೇಕಾಗುವಷ್ಟನ್ನು ಕೂಡಿಸುವುದಕ್ಕೆ ಹಲವು ಬಾರಿ ಪರ್ವತ ದಾಟಬೇಕಾಗುತ್ತಿತ್ತು. ಆಕ್ಸ್‌ಫರ್ಡ್ ಮತ್ತು ಸಂಗಡಿಗರು ಕಾಣೆಯಾದದ್ದು ದಾಳಿಯಲ್ಲಲ್ಲ, ಸಾಮಗ್ರಿಗಾಗಿ ಹೊರಟ ಇಂಥದೊಂದು ಪ್ರಯಾಣದಲ್ಲಿ.

ಲಿಬರೇಟರ್ ಬಹುದೂರ ಹಾರಬಲ್ಲ, ಭಾರ ಹೊರಬಲ್ಲ ವಿಮಾನ. ಆದರೆ ಅದರ ಉದ್ದನೆಯ, ಕಿರಿದಾದ ರೆಕ್ಕೆಯ ಮೇಲೆ ಮಂಜು ಹೆಪ್ಪುಗಟ್ಟಿದರೆ ಮೇಲೇರುವ ಶಕ್ತಿ ಬೇಗ ಕುಗ್ಗುತ್ತಿತ್ತು. ಮುಂಭಾಗದಲ್ಲಿ ಕೂತವರು ಹಿಂದಕ್ಕೆ ಹೋಗಬೇಕೆಂದರೆ ಬಾಂಬುಗಳ ಕೋಣೆಯ ನಡುವೆ ಒಂದು ಗೇಣಗಲದ ಹಲಗೆಯಂಥ ದಾರಿಯ ಮೇಲೆ ನಡೆಯಬೇಕಿತ್ತು. ದಪ್ಪ ಉಡುಪು, ಆಮ್ಲಜನಕದ ನಳಿಗೆ, ಪ್ಯಾರಾಚೂಟ್‌ಗಳನ್ನು ತೊಟ್ಟು, ಓಲಾಡುವ ವಿಮಾನದಲ್ಲಿ ಆ ದಾರಿ ದಾಟಿ ಹೊರಗೆ ಜಿಗಿಯುವುದು ಎಷ್ಟು ಕಷ್ಟವಾಗಿದ್ದೀತು ಎಂಬುದನ್ನು ಓದುಗರೇ ಊಹಿಸಬಹುದು. ಮೋಡ ಕವಿದಾಗ ಪರ್ವತ ಎಲ್ಲಿದೆ ಎಂದು ತೋರಿಸುವ ನಂಬಲರ್ಹ ಸಾಧನ ಅವರ ಬಳಿ ಇರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಈ ಮಾರ್ಗ ನೂರಾರು ವಿಮಾನಗಳನ್ನು ನುಂಗಿತ್ತು.

ಈ ಯುದ್ಧರಂಗಕ್ಕೆ ಬೆಂಗಳೂರಿನ ನಂಟೂ ಇದೆ. ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿ ದುಡಿಯಿತು. ಯುದ್ಧಾನಂತರ ಕಾನ್ಪುರದಲ್ಲಿ ಗುಜರಿಗೆಂದು ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಇದೇ ಕಾರ್ಖಾನೆ ಮತ್ತೆ ಹಾರುವಂತೆ ಮಾಡಿತು; ಭಾರತೀಯ ವಾಯುಪಡೆ ಅವನ್ನು 1968ರವರೆಗೂ ಬಳಸಿತು. ಬಿಟ್ಟುಹೋದ ಯಂತ್ರಗಳಿಗೆ ಇಷ್ಟು ಬೇಗ ಮರುಜೀವ ಸಿಕ್ಕಿತು, ಅವನ್ನು ನಡೆಸಿ ಕಾಣೆಯಾದವರ ಸರದಿ ಮಾತ್ರ ಬಹಳ ತಡವಾಗಿ ಬಂತು.

ಯುದ್ಧ ಮುಗಿದ ಮೇಲೆ ಹುಡುಕಾಟ ನಡೆದು ನಿಂತಿತು, ಕಾಣೆಯಾದವರನ್ನು ಸತ್ತವರೆಂದು ಘೋಷಿಸಲಾಯಿತು, ಮನಿಲಾದ ಸ್ಮಾರಕದ ಗೋಡೆಯಲ್ಲಿ ಹೆಸರು ಕೆತ್ತಲಾಯಿತು, ದಶಕಗಳು ಉರುಳಿದವು.

ಹಾಗೆಂದು ಆ ಜಾಗ ಯಾರಿಗೂ ಗೊತ್ತಿರಲಿಲ್ಲವೆಂದಲ್ಲ. ಅರುಣಾಚಲದ ಸಿಯಾಂಗ್ ಕಣಿವೆಯ ದಾಮ್ರೋ ಗ್ರಾಮದ ಮೇಲಿನ ಕಾಡಿನಲ್ಲಿ ಬೇಟೆಗೆ ಹೋಗುತ್ತಿದ್ದ ಸ್ಥಳೀಯರು ವಿಮಾನದ ಅವಶೇಷಗಳನ್ನು ಕಂಡಿದ್ದರು. ಅವರನ್ನು ಕೇಳುವವರು ಇರಲಿಲ್ಲ, ಅಷ್ಟೆ. 2006ರಲ್ಲಿ ಅಮೆರಿಕದ ಚಾರಣಿಗ ಕ್ಲೇಟನ್ ಕೂಲ್ಸ್ ಅಂಥ ಸ್ಥಳೀಯರ ಮಾರ್ಗದರ್ಶನದಲ್ಲಿ ಅಲ್ಲಿಗೆ ತಲುಪಿ, ಇದು ಯಾವ ವಿಮಾನವೆಂದು ಗುರುತಿಸಿದರು. ಅಸ್ಥಿಗಳನ್ನು ಹೊರತೆಗೆಯುವ ಕೆಲಸ ಇನ್ನೇನು ಶುರುವಾಗಬೇಕು ಎನ್ನುವಾಗ ಹವಾಮಾನ ಅಡ್ಡಬಂತು, ಬಳಿಕ ಅನುಮತಿ ಸಿಗದೆ ವರ್ಷಗಳು ಹೋದವು. ಅರುಣಾಚಲದ ಮೇಲೆ ಚೀನಾ ಹಕ್ಕು ಸಾಧಿಸುತ್ತಿರುವಾಗ ಅಲ್ಲಿಗೆ ವಿದೇಶಿ ಸೇನೆಯ ತಂಡವನ್ನು ಬಿಡುವುದು ಸೂಕ್ಷ್ಮ ವಿಷಯವೇ ಸರಿ. ಆದರೆ ಒಡಹುಟ್ಟಿದವರು ಒಬ್ಬೊಬ್ಬರಾಗಿ ತೀರಿಹೋಗುವ ವಯಸ್ಸು ತಲುಪಿದ್ದ ಕುಟುಂಬಗಳಿಗೆ ಈ ಕಾಯುವಿಕೆ ದುಬಾರಿಯಾಗಿತ್ತು.

ಕೊನೆಗೆ 2015ರ ಮಳೆಗಾಲದ ಬಳಿಕ ಅಮೆರಿಕದ ತಂಡ ಕಡಿದಾದ ಇಳಿಜಾರಿನಲ್ಲಿ ವಾರಗಟ್ಟಲೆ ಉತ್ಖನನ ನಡೆಸಿತು. 2016ರ ಏಪ್ರಿಲ್‌ನಲ್ಲಿ ಅಂದಿನ ಅಮೆರಿಕ ರಕ್ಷಣಾ ಕಾರ್ಯದರ್ಶಿ ಆಷ್ಟನ್ ಕಾರ್ಟರ್ ಅವರ ಸಮ್ಮುಖದಲ್ಲಿ ದೆಹಲಿಯಿಂದ ಅವಶೇಷಗಳನ್ನು ಬೀಳ್ಕೊಡಲಾಯಿತು. ಬಂಧುಗಳ ಡಿಎನ್ಎ ಜೊತೆ ಹೋಲಿಸಿದಾಗ ಆಕ್ಸ್‌ಫರ್ಡ್ ಅವರ ಗುರುತು ಖಚಿತವಾಯಿತು. ಎಂಟು ಮಂದಿಯಲ್ಲಿ 2017ರಲ್ಲಿ ಊರು ಸೇರಿದವರು ಅವರೊಬ್ಬರೇ.

ಭಾರತದ ನೆಲದಲ್ಲಿ ಹೀಗೆ ಕಾಣೆಯಾದ ಅಮೆರಿಕನ್ನರು ಸುಮಾರು 400 ಮಂದಿ ಎಂಬ ಅಂದಾಜಿದೆ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2021ರಿಂದ ಈ ಶೋಧದಲ್ಲಿ ಕೈಜೋಡಿಸಿದೆ, 2023ರಲ್ಲಿ ಪಾಸಿಘಾಟ್‌ನಲ್ಲಿ ಹಂಪ್ ಮಾರ್ಗದ ವಸ್ತುಸಂಗ್ರಹಾಲಯವೂ ತೆರೆದಿದೆ. ಇನ್ನು ಮುಂದಿನ ಶೋಧಗಳು ದಾಮ್ರೋದಂಥ ಗ್ರಾಮಗಳ ಹಿರಿಯರ ನೆನಪನ್ನು ಮೊದಲು ದಾಖಲಿಸಿಕೊಳ್ಳಬೇಕು. ವಿಮಾನ ಎಲ್ಲಿ ಬಿದ್ದಿದೆ ಎಂದು ಹೇಳಬಲ್ಲವರ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.