ಕ್ಯಾಲೆಂಡರು ಯಾರ ಕೈಯಲ್ಲಿ?

ನಮ್ಮ ಸೌರ ಹೊಸ ವರ್ಷವಾದ ಬಿಸುವಿನ ದಿನ ಹಗಲು ರಾತ್ರಿ ಸಮ ಎಂದು ನಮ್ಮ ಕಾಸರಗೋಡಿನ ಕಡೆ ಈಗಲೂ ಹೇಳುವವರಿದ್ದಾರೆ. ಮಕ್ಕಳಿಗೂ ಹಾಗೇ ಹೇಳಿಕೊಡುತ್ತಾರೆ. ಅದು ತಪ್ಪು. ಹಗಲು ರಾತ್ರಿ ಸಮ ಆಗುವುದು ಮಾರ್ಚ್ 20-21ರ ಹೊತ್ತಿಗೆ. ಏಪ್ರಿಲ್ ನಡುವಿನಲ್ಲಿ ನಾವು ಬಿಸು ಕಣಿ (ಬೆಳಿಗ್ಗೆ ಎದ್ದು ಮೊದಲು ನೋಡುವ ಹಣ್ಣು ತರಕಾರಿಗಳ ಮಂಗಳ ನೋಟ) ನೋಡುವಾಗ ಇಲ್ಲಿ ಹಗಲು ರಾತ್ರಿಗಿಂತ ಅರ್ಧ ಗಂಟೆಗೂ ಜಾಸ್ತಿ ಉದ್ದ.

ಈ ಮೂರು ವಾರದ ಅಂತರ ಬಂದದ್ದು ಭೂಮಿಯ ಓಲಾಟದಿಂದ. ತಿರುಗುವ ಬುಗುರಿಯ ಮೊಳೆ ನಿಧಾನವಾಗಿ ಓಲಾಡುತ್ತದೆ ಅಲ್ವಾ, ಭೂಮಿಯ ಅಕ್ಷವೂ ಹಾಗೇ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಹಾಗಾಗಿ ವರ್ಷಕ್ಕೆ ಎರಡು ಅಳತೆ. ಋತುಗಳನ್ನು ನೋಡಿ ಅಳೆದರೆ 365.2422 ದಿನ, ನಕ್ಷತ್ರಗಳನ್ನು ನೋಡಿ ಅಳೆದರೆ 365.2564 ದಿನ. ವ್ಯತ್ಯಾಸ ಬರೀ 20 ನಿಮಿಷ. ಆದರೆ ಅದು ಸೇರುತ್ತಾ ಹೋಗಿ ಸುಮಾರು 71 ವರ್ಷಕ್ಕೆ ಒಂದು ದಿನ ಆಗುತ್ತದೆ. ನಮ್ಮ ಪಂಚಾಂಗ ಹಿಡಿದಿರುವುದು ನಕ್ಷತ್ರದ ವರ್ಷವನ್ನು. ಸುಮಾರು 1,700 ವರ್ಷಗಳ ಹಿಂದೆ ಬಿಸು ಮತ್ತು ಸಮ ಹಗಲು ರಾತ್ರಿ ನಿಜಕ್ಕೂ ಜೊತೆಗೇ ಬರುತ್ತಿದ್ದವು.

ಇಂಥ ನಿಮಿಷಗಳಿಗಾಗಿಯೇ ರಾಜರೂ ಧರ್ಮಗುರುಗಳೂ ಶತಮಾನಗಟ್ಟಲೆ ಜಗಳವಾಡಿದ್ದಾರೆ. ಹಬ್ಬ ಯಾವಾಗ, ಕಂದಾಯ ಯಾವಾಗ ಎಂದು ಹೇಳುವವನ ಮಾತನ್ನು ಜನ ಕೇಳಲೇಬೇಕಲ್ಲ.

ಜೂಲಿಯಸ್ ಸೀಸರನ ಕ್ಯಾಲೆಂಡರಿನಲ್ಲಿ ವರ್ಷಕ್ಕೆ 365.25 ದಿನ. ಅಂದರೆ ವರ್ಷಕ್ಕೆ 11 ನಿಮಿಷ ಜಾಸ್ತಿ. 16ನೇ ಶತಮಾನಕ್ಕೆ ವಸಂತದ ಸಮ ಹಗಲು ರಾತ್ರಿ ಮಾರ್ಚ್ 11ಕ್ಕೆ ಜಾರಿತ್ತು. ಈಸ್ಟರ್ ಹಬ್ಬದ ಲೆಕ್ಕ ನಿಂತಿದ್ದುದು ಮಾರ್ಚ್ 21ರ ಮೇಲೆ. ಪೋಪ್ 13ನೇ ಗ್ರೆಗರಿ 10 ದಿನಗಳನ್ನೇ ಕಿತ್ತುಹಾಕಿದರು. 1582ರ ಅಕ್ಟೋಬರ್ 4, ಗುರುವಾರ. ಮರುದಿನ ಶುಕ್ರವಾರ, ಅಕ್ಟೋಬರ್ 15! ಸ್ಪೇನಿನ ಸಂತ ತೆರೇಸಾ ತೀರಿಕೊಂಡದ್ದು ಆ ಎರಡು ದಿನಗಳ ನಡುವಿನ ರಾತ್ರಿ.

ಸ್ಪೇನ್, ಪೋರ್ಚುಗಲ್, ಪೋಲೆಂಡ್ ಕೂಡಲೇ ಒಪ್ಪಿದವು. ಪ್ರೊಟೆಸ್ಟೆಂಟ್ ನಾಡುಗಳು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಗಣಿತಜ್ಞ ಜಾನ್ ಡೀ ಲೆಕ್ಕ ಹಾಕಿ, ದಿನಗಳನ್ನು ತೆಗೆಯಲೇಬೇಕು ಎಂದು ಎಲಿಜಬೆತ್ ರಾಣಿಯ ಸರಕಾರಕ್ಕೆ ತಿಳಿಸಿದ. ಬಿಷಪರು ತಡೆದರು. ಪೋಪ್ ಹೇಳಿದ್ದು ಅನ್ನುವ ಒಂದೇ ಕಾರಣಕ್ಕೆ ಸರಿಯಾದ ಲೆಕ್ಕ 1752ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ 11 ದಿನ ತೆಗೆಯಬೇಕಾಗಿ ಬಂತು. ರಷ್ಯಾ ಬದಲಾದದ್ದು 1918ರಲ್ಲಿ, ಬೊಲ್ಶೆವಿಕರು ಬಂದ ಮೇಲೆ. ಫ್ರಾನ್ಸಿನ ಕ್ರಾಂತಿಕಾರರಂತೂ ಚರ್ಚಿನ ಭಾನುವಾರವೇ ಬೇಡವೆಂದು ಹತ್ತು ದಿನಗಳ ವಾರ ತಂದರು. ದುಡಿಯುವವರಿಗೆ ರಜೆ ಕಡಿಮೆಯಾಯಿತು. 1806ಕ್ಕೆ ನೆಪೋಲಿಯನ್ ಕ್ರಾಂತಿಯ ಆ ಕ್ಯಾಲೆಂಡರನ್ನೇ ಮುಗಿಸಿದ.

ನಮ್ಮ ನಾಡೂ ಇದರಿಂದ ಹೊರತಲ್ಲ. ಅಕ್ಬರ್ ಇಲಾಹಿ ಎಂಬ ಹೊಸ ಶಕೆ ತಂದ. ಬೇಕಲ ಕೋಟೆಯನ್ನು ಹಿಡಿದಿದ್ದ ಟಿಪ್ಪು ತನ್ನ ನಾಣ್ಯಗಳ ಮೇಲೆ ಹಿಜರಿಯ ಬದಲು ಮೌಲೂದಿ ಎಂಬ ತನ್ನದೇ ಶಕೆ ಹಾಕಿಸಿದ. ಇವತ್ತು ಕುಂಬಳೆ, ಮಂಜೇಶ್ವರದ ಮನೆಗಳ ಗೋಡೆ ನೋಡಿ. ಒಂದು ಕ್ಯಾಲೆಂಡರಿನಲ್ಲಿ ಮಲಯಾಳದ ಮೇಡಂ, ಇನ್ನೊಂದರಲ್ಲಿ ಮೇಷ, ಬಾಯಲ್ಲಿ ತುಳುವಿನ ಪಗ್ಗು. ಮೂರೂ ಒಂದೇ ಸೌರ ತಿಂಗಳು.

ಸ್ವತಂತ್ರ ಭಾರತ ಈ ಗೊಂದಲಕ್ಕೆ ಪರಿಹಾರ ಹುಡುಕಿತ್ತು. ಭೌತವಿಜ್ಞಾನಿ ಮೇಘನಾದ ಸಹಾ ಅವರ ಸಮಿತಿ ಋತುಗಳ ವರ್ಷವನ್ನೇ ಹಿಡಿಯಿರಿ ಎಂದಿತು. 1957ರ ಮಾರ್ಚ್ 22ರಿಂದ ಸರಕಾರ ರಾಷ್ಟ್ರೀಯ ಕ್ಯಾಲೆಂಡರನ್ನು ಜಾರಿಗೆ ತಂದಿತು. ಅದು ಗೆಜೆಟ್, ಆಕಾಶವಾಣಿಗಳಲ್ಲಿ ಉಳಿಯಿತು, ಹಬ್ಬಗಳ ಹತ್ತಿರ ಸುಳಿಯಲಿಲ್ಲ. ಸಹಾ ಅವರ ಮಾತು ಕೇಳಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಹೀಗೇ ಬಿಟ್ಟರೆ ಸುಮಾರು 3,500 ವರ್ಷಗಳಲ್ಲಿ ಬಿಸು ಜೂನ್ ತಿಂಗಳಿಗೆ ಜಾರುತ್ತದೆ, ಕಣಿಗೆ ಸೌತೆಕಾಯಿ ತರಲು ಜೋರು ಮಳೆಯಲ್ಲೇ ಹೋಗಬೇಕಾಗುತ್ತದೆ.