ಹೋಟೆಲ್ ತೆರಿಗೆ ಏರಿಸಿದರೆ ಪ್ರವಾಸಿಗರ ಜಾತ್ರೆ ಕರಗುತ್ತದೆಯೇ?

ಓದುಗರ ಪ್ರಶ್ನೆ: ಜಪಾನಿನ ಕ್ಯೋಟೊ ನಗರ ಹೋಟೆಲ್ ತೆರಿಗೆಯನ್ನು ಹತ್ತು ಪಟ್ಟು ಏರಿಸಿದೆಯಂತೆ. ಇದರಿಂದ ಜನಸಂದಣಿ ಕಡಿಮೆಯಾಗುತ್ತದೆಯೇ? ಮಡಿಕೇರಿ, ಚಿಕ್ಕಮಗಳೂರಿನಲ್ಲೂ ಹೀಗೇ ಯಾಕೆ ಮಾಡಬಾರದು?

ಜನಸಂದಣಿ ಕಡಿಮೆಯಾಗುವುದಿಲ್ಲ. ಆದರೂ ಕ್ಯೋಟೊ ಮಾಡಿದ್ದು ತಪ್ಪಲ್ಲ. ಈ ಎರಡು ಮಾತು ಒಂದಕ್ಕೊಂದು ವಿರುದ್ಧ ಅನ್ನಿಸಿದರೆ ಸ್ವಲ್ಪ ತಾಳಿ, ಲೆಕ್ಕ ನೋಡೋಣ.

ಮೊದಲಿಗೆ ಆ ‘ಹತ್ತು ಪಟ್ಟು’. ಕ್ಯೋಟೊದಲ್ಲಿ ವಸತಿ ತೆರಿಗೆ ಶುರುವಾಗಿದ್ದು 2018ರ ಅಕ್ಟೋಬರ್‌ನಲ್ಲಿ. ತಲೆಗೆ, ರಾತ್ರಿಗೆ ಇಷ್ಟು ಎಂದು ಲೆಕ್ಕ. 20 ಸಾವಿರ ಯೆನ್ ಒಳಗಿನ ಬಾಡಿಗೆಗೆ 200 ಯೆನ್, 50 ಸಾವಿರದ ಒಳಗಿದ್ದರೆ 500, ಅದಕ್ಕಿಂತ ಮೇಲೆ ಎಷ್ಟೇ ಇರಲಿ 1,000. 2026ರ ಮಾರ್ಚ್ 1ರಿಂದ ಹೊಸ ದರ ಬಂತು. ಈಗ 6 ಸಾವಿರ ಯೆನ್ ಒಳಗಿನವರಿಗೆ ಅದೇ 200, 20 ಸಾವಿರದ ಒಳಗೆ 400, 50 ಸಾವಿರದ ಒಳಗೆ 1,000, ಒಂದು ಲಕ್ಷದ ಒಳಗೆ 4,000. ಲಕ್ಷ ಮುಟ್ಟಿತೋ 10,000. ಹತ್ತು ಪಟ್ಟು ಏರಿದ್ದು ಈ ಕೊನೆಯ ಮೆಟ್ಟಿಲಿಗೆ ಮಾತ್ರ.

ಬೆಂಗಳೂರಿನಿಂದ ಹೋದ ಗಂಡ ಹೆಂಡತಿ ಇಬ್ಬರು ಒಂದು ರಾತ್ರಿಗೆ 30 ಸಾವಿರ ಯೆನ್ನಿನ ರೂಮು ಹಿಡಿದರು ಎನ್ನಿ. ತಲೆಗೆ 15 ಸಾವಿರ. ಹಳೇ ದರದಲ್ಲಿ ಇಬ್ಬರಿಗೂ ಸೇರಿ 400 ಯೆನ್ ಆಗುತ್ತಿತ್ತು, ಈಗ 800. ನಮ್ಮ ದುಡ್ಡಿನಲ್ಲಿ ತಲೆಗೆ ಹೆಚ್ಚು ಬಿದ್ದದ್ದು ಒಂದು ದೋಸೆ, ಒಂದು ಕಾಫಿಯಷ್ಟು. ವಿಮಾನದ ಟಿಕೆಟ್‌ಗೆ ಸಾವಿರಗಟ್ಟಲೆ ಸುರಿದವರು ಇಷ್ಟಕ್ಕೆ ಹೆದರಿ ಪ್ರವಾಸ ರದ್ದು ಮಾಡುತ್ತಾರೆಯೇ?

ಹೆದರಿ ಹಿಂದೆ ಸರಿಯುವಷ್ಟು ಭಾರ ಹೇರಿದರೆ ಏನಾಗುತ್ತದೆ ಎಂಬುದಕ್ಕೆ ಭೂತಾನ್ ನೋಡಿ. ಅಲ್ಲಿನದು ಹೋಟೆಲ್ ತೆರಿಗೆಯಲ್ಲ, ದೇಶದೊಳಗಿನ ಪ್ರತಿ ರಾತ್ರಿಗೂ ಕೊಡಬೇಕಾದ ಶುಲ್ಕ. 2022ರ ಸೆಪ್ಟೆಂಬರ್‌ನಲ್ಲಿ ಅದನ್ನು 65 ಡಾಲರಿನಿಂದ 200 ಡಾಲರಿಗೆ ಏರಿಸಿದರು. ಒಂದೇ ವರ್ಷದಲ್ಲಿ 100ಕ್ಕೆ ಇಳಿಸಬೇಕಾಯಿತು. ಭಾರತೀಯರಿಗೆ ದಿನಕ್ಕೆ 1,200 ರೂಪಾಯಿ. ಮೊದಲು ಪುಕ್ಕಟೆ ಹೋಗಿ ಬರುತ್ತಿದ್ದ ನಮ್ಮವರಿಗೆ ಅದೇ ದೊಡ್ಡ ಮಾತಾಯಿತು. ಜನರನ್ನು ತಡೆಯಬೇಕಾದರೆ ತೆರಿಗೆ ಅಷ್ಟು ಜೋರಾಗಿ ಚುಚ್ಚಬೇಕು. ಅಷ್ಟು ಚುಚ್ಚಿದರೆ ಹೋಟೆಲಿನವರು, ಗೈಡುಗಳು, ಟ್ಯಾಕ್ಸಿಯವರು ಬೀದಿಗೆ ಬರುತ್ತಾರೆ. ಕ್ಯೋಟೊ ಆ ದಾರಿ ಹಿಡಿದಿಲ್ಲ.

ಇನ್ನೂ ಒಂದು ತೂತಿದೆ, ನನ್ನ ಮಟ್ಟಿಗೆ ಇದೇ ದೊಡ್ಡದು. ಕೊರೋನಾಗೆ ಮುಂಚೆ, 2019ರಲ್ಲಿ ಕ್ಯೋಟೊಗೆ ಬಂದವರು ಸುಮಾರು 5.35 ಕೋಟಿ. ಅಲ್ಲಿ ರಾತ್ರಿ ತಂಗಿದವರು ಸುಮಾರು 1.31 ಕೋಟಿ. ಅಂದರೆ ನಾಲ್ವರಲ್ಲಿ ಒಬ್ಬ ಮಾತ್ರ ಹಾಸಿಗೆ ಹಿಡಿದ, ಉಳಿದ ಮೂವರು ಬಂದು, ಸುತ್ತಿ, ಫೋಟೊ ಹೊಡೆದುಕೊಂಡು ಸಂಜೆಗೆ ವಾಪಸ್. ಒಸಾಕಾದಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಇವರು ಬಸ್ಸಿನಲ್ಲಿ ನಿಲ್ಲುವ ಜಾಗ ತಿನ್ನುತ್ತಾರೆ, ಶೌಚಾಲಯ ಬಳಸುತ್ತಾರೆ, ಹಳೇ ಬಡಾವಣೆ ಗಿಯೋನ್‌ನ ಓಣಿಗಳಲ್ಲಿ ಗೇಶಾಗಳ, ಅಂದರೆ ಸಾಂಪ್ರದಾಯಿಕ ಹಾಡು-ನೃತ್ಯದ ಕಲಾವಿದೆಯರ ಹಿಂದೆ ಕ್ಯಾಮೆರಾ ಹಿಡಿದು ಓಡುತ್ತಾರೆ. ವಸತಿ ತೆರಿಗೆ ಮಾತ್ರ ಒಂದು ಯೆನ್ನೂ ಕೊಡುವುದಿಲ್ಲ. ಇಟಲಿಯ ವೆನಿಸ್ 2024ರ ಏಪ್ರಿಲ್‌ನಲ್ಲಿ ದಟ್ಟಣೆಯ ದಿನಗಳಿಗೆ 5 ಯೂರೊ ಪ್ರವೇಶ ಶುಲ್ಕ ಶುರುಮಾಡಿದ್ದು ಇಂಥವರನ್ನು ಹಿಡಿಯಲೆಂದೇ. ಅಲ್ಲಿ ತಂಗುವವರಿಗೆ ಅದರಿಂದ ವಿನಾಯಿತಿ, ಯಾಕೆಂದರೆ ಅವರು ವಸತಿ ತೆರಿಗೆ ಕೊಡುತ್ತಾರೆ.

ಹಾಗಾದರೆ ಕ್ಯೋಟೊ ದೇವಸ್ಥಾನಗಳ ಬಾಗಿಲಲ್ಲೇ ವಸೂಲಿ ಮಾಡಬಹುದಲ್ಲ? ಮಾಡಿ ಕೈ ಸುಟ್ಟುಕೊಂಡಿದೆ. 1985ರ ಜುಲೈನಲ್ಲಿ ನಗರಾಡಳಿತ ಹೆಸರಾಂತ ದೇಗುಲಗಳಿಗೆ ಬರುವವರ ಮೇಲೆ ತಲಾ 50 ಯೆನ್ ತೆರಿಗೆ ಹಾಕಿತು. ಟಿಕೆಟ್ ಜೊತೆಗೇ ವಸೂಲಿ ಮಾಡಿ ಕಟ್ಟುವ ಕೆಲಸ ದೇಗುಲಗಳದ್ದು. ‘ಬುದ್ಧನ ಮುಂದೆ ಕೈ ಮುಗಿಯಲು ಬಂದವರಿಂದ ನಾವು ತೆರಿಗೆ ಎತ್ತುವುದೇ?’ ಎಂದು ಭಿಕ್ಷುಗಳು ತಿರುಗಿಬಿದ್ದರು. ಬರೀ ಮನವಿ ಪತ್ರ ಕೊಟ್ಟು ಸುಮ್ಮನಾಗಲಿಲ್ಲ, ಬಾಗಿಲನ್ನೇ ಹಾಕಿದರು. ಕಿಯೊಮಿಜು, ಚಿನ್ನದ ಮಂಟಪದ ಕಿಂಕಾಕುಜಿ, ಗಿಂಕಾಕುಜಿ, ಜಗತ್ತೇ ನೋಡಲು ಬರುವ ಜಾಗಗಳೆಲ್ಲ ಬಂದ್. ದೇಗುಲ ಬಂದ್ ಆದರೆ ಅದರ ಬುಡದಲ್ಲಿ ಮಿಠಾಯಿ, ಬೀಸಣಿಗೆ ಮಾರುವವನ ವ್ಯಾಪಾರವೂ ಬಂದ್. ಜಗ್ಗಾಟ ಮೂರು ವರ್ಷ ಹತ್ತಿರ ನಡೆಯಿತು, 1988ರ ಮಾರ್ಚ್‌ಗೆ ನಗರಾಡಳಿತವೇ ತೆರಿಗೆ ಕೈಬಿಟ್ಟಿತು. ಐವತ್ತು ಯೆನ್ ಎಂದರೆ ಚಿಲ್ಲರೆ ಕಾಸು. ಜಗಳ ಮೊತ್ತದ್ದಲ್ಲ, ವಸೂಲಿ ಮಾಡುವವನು ಯಾರು ಎಂಬುದರದ್ದು. ಹೋಟೆಲಿನವನಿಗೆ ಆ ಸಂಕಟವಿಲ್ಲ. ಬಿಲ್ಲಿನಲ್ಲಿ ಇನ್ನೊಂದು ಸಾಲು ಸೇರಿಸುವುದು ಅವನಿಗೆ ದಿನದ ಕೆಲಸ.

ಈಗ ತೆರಿಗೆಯ ಒಳ್ಳೆಯ ಮುಖ. ಇದು ನಗರದ ಸಾಮಾನ್ಯ ಖಜಾನೆಗೆ ಬಿದ್ದು ಕಣ್ಮರೆಯಾಗುವ ದುಡ್ಡಲ್ಲ. ಜಪಾನಿನ ಕಾನೂನಿನಂತೆ ಉದ್ದೇಶ ಹೇಳಿಯೇ ಹಾಕಬೇಕಾದ ತೆರಿಗೆ, ಕೇಂದ್ರ ಸಚಿವಾಲಯದ ಒಪ್ಪಿಗೆಯೂ ಬೇಕು. ಹಳೇ ದರದಲ್ಲಿ ವರ್ಷಕ್ಕೆ 500 ಕೋಟಿ ಯೆನ್ ಆಸುಪಾಸು ಬರುತ್ತಿತ್ತು, ಹೊಸ ದರದಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಬರಬೇಕೆಂಬುದು ನಗರದ ಅಂದಾಜು. ಕ್ಯೋಟೊದವರ ನಿತ್ಯದ ಗೋಳು ಸಿಟಿ ಬಸ್ಸು. ಸ್ಟೇಷನ್ನಿನಿಂದ ಹೊರಡುವ 206ನೇ ನಂಬರಿನ ಬಸ್ಸಿನಲ್ಲಿ ಸೂಟ್‌ಕೇಸುಗಳೇ ಸೀಟಿನಷ್ಟು ಜಾಗ ಹಿಡಿದಿರುತ್ತವೆ, ಆಸ್ಪತ್ರೆಗೆ ಹೊರಟ ಅಜ್ಜಿ ಸ್ಟಾಪಿನಲ್ಲೇ ಉಳಿಯುತ್ತಾಳೆ. ಅದಕ್ಕೇ 2024ರ ಜೂನ್‌ನಿಂದ ಪ್ರವಾಸಿಗರಿಗೆಂದು ಪ್ರತ್ಯೇಕ ಎಕ್ಸ್‌ಪ್ರೆಸ್ ಬಸ್ಸು ಬಿಟ್ಟರು. ಟಿಕೆಟ್ 500 ಯೆನ್, ಮಾಮೂಲಿ ಬಸ್ಸಿನದು 230. ಇಡೀ ದಿನ ಸುತ್ತಬಹುದಾಗಿದ್ದ ಅಗ್ಗದ ಬಸ್ ಪಾಸನ್ನೂ ನಿಲ್ಲಿಸಿದರು. ನನ್ನ ಲೆಕ್ಕಕ್ಕೆ ಅಜ್ಜಿಗೆ ಸೀಟು ಕೊಡಿಸುವುದು ಇಂಥ ಕೆಲಸಗಳೇ. ತೆರಿಗೆ ಅವುಗಳ ಖರ್ಚಿಗೆ ದಾರಿ, ಅಷ್ಟೇ.

ಹೊಸ ದರದ ಒಂದು ಮೆಟ್ಟಿಲು ನನಗೆ ಸರಿಕಾಣುವುದಿಲ್ಲ. 49,999 ಯೆನ್ ಬಾಡಿಗೆಗೆ ತೆರಿಗೆ 1,000. ಒಂದೇ ಯೆನ್ ಹೆಚ್ಚಾದರೆ 4,000. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಈ ತಾಪತ್ರಯವಿಲ್ಲ. 2024ರಿಂದ ಅಲ್ಲಿ ಬಾಡಿಗೆಯ ಮೇಲೆ ನೇರ ಶೇ 12.5, ಬಡ ರೂಮಿಗೂ ಶ್ರೀಮಂತ ರೂಮಿಗೂ ಒಂದೇ ಅಳತೆ.

ಇನ್ನು ನಮ್ಮ ಮಡಿಕೇರಿ, ಚಿಕ್ಕಮಗಳೂರು. ಅಲ್ಲಿನ ನಗರಸಭೆಗಳು ಮನಸ್ಸು ಮಾಡಿದರೂ ಹಾಸಿಗೆಯ ಮೇಲೆ ತೆರಿಗೆ ಹಾಕಲಾರವು. ಕರ್ನಾಟಕದಲ್ಲಿ 1979ರ ಕಾಯ್ದೆಯಡಿ ಹೋಟೆಲ್ ರೂಮುಗಳಿಗೆ ಐಷಾರಾಮಿ ತೆರಿಗೆ ಇತ್ತು, ಅದೂ ರಾಜ್ಯದ್ದೇ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಅದನ್ನು ನುಂಗಿತು. ಸಂವಿಧಾನದ 101ನೇ ತಿದ್ದುಪಡಿಯ ನಂತರ ರಾಜ್ಯಪಟ್ಟಿಯಲ್ಲಿ (ರಾಜ್ಯಗಳ ಅಧಿಕಾರಗಳ ಪಟ್ಟಿ) ಐಷಾರಾಮಿ ತೆರಿಗೆಯಿದ್ದ ನಮೂದಿನಲ್ಲಿ ಪಂಚಾಯಿತಿ, ನಗರಸಭೆಗಳ ಪಾಲಿಗೆ ಉಳಿದದ್ದು ಮನರಂಜನೆಯ ತೆರಿಗೆ ಮಾತ್ರ. ರೂಮು ಬಾಡಿಗೆ ಮನರಂಜನೆಯಲ್ಲವಲ್ಲ.

ಬಿಲ್ಲು ತೆಗೆದು ನೋಡಿ. ದಿನಕ್ಕೆ 4,000 ರೂಪಾಯಿಯ ರೂಮಿಗೆ ಮೊದಲು ಶೇ 12ರಂತೆ 480 ರೂಪಾಯಿ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ಶೇ 5 ಆಯಿತು, ಅಂದರೆ 200. ನೂರು ದೆಹಲಿಗೆ, ನೂರು ಬೆಂಗಳೂರಿಗೆ. ಸೋಮವಾರ ಬೆಳಿಗ್ಗೆ ರಸ್ತೆ ಬದಿಯ ಬಿಯರ್ ಬಾಟಲಿ, ಚಿಪ್ಸ್ ಪ್ಯಾಕೆಟ್ ಹೆಕ್ಕುವ ಪೌರಕಾರ್ಮಿಕರಿಗೆ ಸಂಬಳ ಕೊಡುವ ಸ್ಥಳೀಯ ಸಂಸ್ಥೆಯ ಹೆಸರು ಆ ಬಿಲ್ಲಿನಲ್ಲಿ ಎಲ್ಲೂ ಇಲ್ಲ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟಿರುವ, ಜಿಎಸ್‌ಟಿ ನೋಂದಣಿ ಇಲ್ಲದ ಹೋಂಸ್ಟೇಗೆ ನೇರ ಫೋನ್ ಮಾಡಿ ಹೋದರೆ ಆ ಇನ್ನೂರೂ ಇಲ್ಲ.

ಹಾಗಾಗಿ ನಮ್ಮಲ್ಲಿ ಊರುಗಳು ಹಾಸಿಗೆ ಬಿಟ್ಟು ಗಾಡಿಯನ್ನು ಹಿಡಿಯುತ್ತಿವೆ. ಮನಾಲಿಯಲ್ಲಿ ಹೊರರಾಜ್ಯದ ವಾಹನಗಳಿಗೆ ಹಸಿರು ತೆರಿಗೆ ಇದೆ. ಊಟಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬೇಕು. ಮುಳ್ಳಯ್ಯನಗಿರಿಗೂ ಈಗ ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಿ ಹೋಗಬೇಕು. ನಮ್ಮ ಬೆಟ್ಟಗಳ ಗೋಳು ಹೆಚ್ಚಾಗಿ ವಾರಾಂತ್ಯದ ಕಾರುಗಳದ್ದು, ಬೆಳಿಗ್ಗೆ ಬಂದು ಸಂಜೆ ಇಳಿಯುವವರದ್ದು. ಅವರು ತಂಗುವುದೇ ಇಲ್ಲದಿರುವಾಗ ಹೋಟೆಲ್ ತೆರಿಗೆಯ ಅಧಿಕಾರ ಕೈಗೆ ಸಿಕ್ಕಿದರೂ ಕ್ಯೋಟೊದ ತೂತೇ ಇಲ್ಲೂ.

ಕ್ಯೋಟೊಗೆ ಹೊರಟವರಿಗೆ ಒಂದು ಮಾತು. ಆ್ಯಪಿನಲ್ಲಿ ಬುಕ್ ಮಾಡಿದಾಗ ಪೂರ್ತಿ ಹಣ ಕಟ್ಟಿದ್ದೇವೆ ಅನ್ನಿಸಿದರೂ ಈ ತೆರಿಗೆ ಹಲವು ಸಲ ಅದರಲ್ಲಿ ಸೇರಿರುವುದಿಲ್ಲ, ಚೆಕ್-ಇನ್ ಹೊತ್ತಿಗೆ ಕೌಂಟರಿನಲ್ಲಿ ಕೇಳುತ್ತಾರೆ. ಮೋಸವೆಂದು ಜಗಳಕ್ಕೆ ಇಳಿಯಬೇಡಿ. ತಲೆ ಎಷ್ಟು, ರಾತ್ರಿ ಎಷ್ಟು ಎಂದು ಗುಣಿಸಿ, ಅಷ್ಟು ಯೆನ್ ಕೈಯಲ್ಲಿ ಇಟ್ಟುಕೊಂಡಿರಿ.